ಮನೇಲಿ ಯಾರಾದ್ರೂ ಇದೀರಾ

“ಕಾಲು ಎತ್ತಿ ಹಾಕೇ ಮುಂಡೆ. ಐಸು ಎಳೀತಿದೀಯೋ, ಗಂಡನ ಹೆಣ ಎಳೀತಿದೀಯೋ?”

ಮೇಸ್ತ್ರಿ ಬೈದದ್ದು ಬಾಗಿಲಾಚೆಯಿಂದ. ಐಸಿನ ಕೋಣೆಯೊಳಗೆ ಕಾಲಿಡುವ ಅಭ್ಯಾಸ ಅವನಿಗಿರಲಿಲ್ಲ. ಬಾಗಿಲಿಗೆ ಇಳಿಬಿಟ್ಟಿದ್ದ ದಪ್ಪ ಪ್ಲಾಸ್ಟಿಕ್ ಪಟ್ಟಿಗಳ ಸಂದಿನಲ್ಲಿ ತಲೆಯಷ್ಟನ್ನೇ ತೂರಿಸಿ, ಬೈಯುವಷ್ಟು ಬೈದು, ಮೂಗಿನ ತುದಿ ಕೆಂಪಗಾಗುವ ಮೊದಲೇ ಹಿಂದಕ್ಕೆ ಎಳೆದುಕೊಳ್ಳುವನು. ಬೆನ್ನ ಹಿಂದೆ ಹೆಂಗಸರು ಅವನನ್ನು ಆಮೆ ಎನ್ನುತ್ತಿದ್ದರು.

“ಗಂಡನ ಹೆಣ ಇಷ್ಟು ತೂಕ ಇರ್ಲಿಲ್ಲ ಮೇಸ್ತ್ರಿ. ಕುಡಿದೂ ಕುಡಿದೂ ಒಣಗಿಹೋಗಿತ್ತು,” ಎಂದಳು ಹೂವಕ್ಕ, ಕೊಕ್ಕೆ ಬಿಡದೆ. ಒಳಗಿದ್ದ ಹೆಂಗಸರೆಲ್ಲ ನಕ್ಕರು. ನಕ್ಕ ಬಾಯಿಗಳಿಂದ ಬಿಳಿ ಹಬೆ ಬಂತು.

ನಗುವಿಗೆ ನಿಂತರೆ ಕಾಲು ನೆಲಕ್ಕೆ ಅಂಟಿಕೊಳ್ಳುತ್ತದೆ. ಅದಕ್ಕೇ ಅವರು ನಗುತ್ತಲೇ ನಡೆದರು. ಆಳೆತ್ತರದ ಐಸಿನ ದಿಮ್ಮಿಗೆ ಕೊಕ್ಕೆ ಸಿಕ್ಕಿಸಿ, ಬೆನ್ನು ಬಾಗಿಸಿ, ಹಿಂದೆ ಹಿಂದೆ ಹೆಜ್ಜೆಯಿಡುತ್ತ ಗೋಡೆಯವರೆಗೆ ಎಳೆದು, ಒಂದರ ಮೇಲೊಂದು ಪೇರಿಸಬೇಕು. ಎಲ್ಲವೂ ಬರಿಗಾಲಲ್ಲಿ. ಜನರ ಬಾಯಿಗೆ ಹೋಗುವ ಐಸು, ಬೀದಿಯ ಹೊಲಸು ತುಳಿದ ಚಪ್ಪಲಿ ಅದರ ಹತ್ತಿರ ಸುಳಿಯಕೂಡದು ಎಂದು ಧಣಿಯ ಅಪ್ಪಣೆ. ಅದೇ ಬೀದಿಯನ್ನು ತುಳಿದ ಕಾಲಿನ ಬಗ್ಗೆ ಅಪ್ಪಣೆಯಲ್ಲಿ ಏನೂ ಇರಲಿಲ್ಲ. ಬಾಗಿಲ ಪಕ್ಕದಲ್ಲೇ ಒಂದು ಗಾಜಿನ ಕಪಾಟು. ಅದರ ತುಂಬ ಒಳಗೆ ಉಣ್ಣೆಯ ಮೆತ್ತೆಯಿದ್ದ ರಬ್ಬರ್ ಬೂಟುಗಳು, ಜೋಡಿ ಜೋಡಿಯಾಗಿ, ತೊಳೆದಿಟ್ಟವು. ಅವು ನೋಡಲು ಬರುವವರಿಗೆ. ಐಸು ಕೊಳ್ಳುವವರು, ಅಧಿಕಾರಿಗಳು, ಧಣಿಯ ಬೀಗರು ಬಂದಾಗ ಬೂಟು ಹೊರಗೆ ಬರುತ್ತಿದ್ದವು. ಒಂದು ಸುತ್ತು ಹಾಕಿ, ಅಬ್ಬಾ ಎಂದು ಭುಜ ಅಲುಗಿಸಿ, ಅವರು ಹೊರಟಮೇಲೆ ಬೂಟು ಮತ್ತೆ ಗಾಜಿನೊಳಗೆ. ಅವನ್ನು ತೊಳೆಯುವ ಕೆಲಸವೂ ಹೆಂಗಸರದೇ.

ಮೊದಮೊದಲು ಕೆಲವರು ಕಾಲಿಗೆ ಗೋಣಿ ಸುತ್ತಿಕೊಂಡು ನೋಡಿದ್ದರು. ಗೋಣಿ ನೆನೆದು ನೆಲಕ್ಕೆ ಹೆಪ್ಪುಗಟ್ಟಿ, ಕಿತ್ತರೆ ಚರ್ಮವೂ ಜೊತೆಗೇ ಬಂದಿತ್ತು. ಆಮೇಲೆ ಬರಿಗಾಲೇ ವಾಸಿ ಎನಿಸಿತು.

ಸುಧಾರಿಸಿಕೊಳ್ಳಲು ಬಿಟ್ಟಾಗ ಹೆಂಗಸರು ಹಿತ್ತಲ ಕಲ್ಲುಕಟ್ಟೆಗೆ ಓಡಿ, ಬಿಸಿಲಿಗೆ ಕಾಲು ಚಾಚಿ, ಸಾಲಾಗಿ ಕೂರುತ್ತಿದ್ದರು. ಅಲ್ಲಿ ಅವರದೇ ಒಂದು ಆಟ. ಪಕ್ಕದವಳ ಕಾಲ್ಬೆರಳನ್ನು ಉಗುರಿನಲ್ಲಿ ಚಿವುಟಿ, “ಮನೇಲಿ ಯಾರಾದ್ರೂ ಇದೀರಾ?” ಎಂದು ಕೇಳುವುದು. ಚಿವುಟಿಸಿಕೊಂಡವಳು ಬಾಯಿಗೆ ಬಂದಂತೆ ಬೈಯಬೇಕು. ಬೈಗುಳ ಬಂದರೆ ಬೆರಳಲ್ಲಿ ಜೀವ ಇದೆ ಎಂದು ಲೆಕ್ಕ. ಬರದಿದ್ದರೆ ಅವಳನ್ನು ಮತ್ತೆ ಒಳಗೆ ಬಿಡುತ್ತಿರಲಿಲ್ಲ. ಎಲ್ಲರೂ ಸೇರಿ ಆ ಕಾಲನ್ನು ಮಡಿಲಲ್ಲಿಟ್ಟುಕೊಂಡು, ಕಂಕುಳಲ್ಲಿ ಇಟ್ಟುಕೊಂಡು, ಬೈಗುಳ ಹುಟ್ಟುವವರೆಗೆ ಕಾಯಿಸುತ್ತಿದ್ದರು. ಅಷ್ಟು ಹೊತ್ತಿನ ಕೂಲಿ ಅವಳಿಗೆ ಹೋಯಿತು. ಅದಕ್ಕೆ ಯಾರೂ ಏನೂ ಮಾಡುವಂತಿರಲಿಲ್ಲ.

ಆ ದಿನ ಹೂವಕ್ಕನ ಕಿರುಬೆರಳನ್ನು ಚಿವುಟಿದವಳು ಕುಳ್ಳಿ. ಗೇಣುದ್ದದ ಹೆಂಗಸು, ಮಾರುದ್ದದ ನಾಲಿಗೆ.

“ಮನೇಲಿ ಯಾರಾದ್ರೂ ಇದೀರಾ?”

ಹೂವಕ್ಕನಿಗೆ ಏನೂ ಗೊತ್ತಾಗಲಿಲ್ಲ. ಕುಳ್ಳಿಯ ಉಗುರು ಚರ್ಮದೊಳಗೆ ಇಳಿದದ್ದು ಕಣ್ಣಿಗೆ ಕಂಡಿತು, ಕಾಲಿಗೆ ಕಾಣಲಿಲ್ಲ. ಬೇರೆ ಯಾರದೋ ಕಾಲು ನೋಡಿದ ಹಾಗೆ. ಮೊನ್ನೆಯವರೆಗೆ ಆ ಬೆರಳು ಬೆಂಕಿಯಂತೆ ಉರಿದು ನಿದ್ದೆಗೆಡಿಸಿತ್ತು. ಎರಡು ದಿನದಿಂದ ಸುಮ್ಮನಾಗಿತ್ತು. ನೋವು ಹೋಯಿತಲ್ಲ, ಗುಣ ಆಗುತ್ತಿದೆ ಎಂದು ಅವಳು ಒಳಗೊಳಗೇ ಹಿಗ್ಗಿದ್ದಳು. ಈಗ ಸುಳ್ಳು ಬೈಗುಳವೊಂದು ತಾನಾಗಿ ಬಾಯಿಗೆ ಬಂತು.

“ನಿನ್ನ ಕೈ ಸೇದಿಹೋಗ, ಬೋಳಿ. ಬೆರಳೋ ಇಕ್ಕಳವೋ ಅದು?”

“ಇದಾಳೆ ಇದಾಳೆ, ಮನೇಲೇ ಇದಾಳೆ,” ಎಂದು ಕುಳ್ಳಿ ಮುಂದಿನ ಕಾಲಿಗೆ ಸರಿದಳು.

ಎಲ್ಲರೂ ಎದ್ದುಹೋದ ಮೇಲೆ ಹೂವಕ್ಕ ಯಂತ್ರದ ಕೋಣೆಯ ಹಿಂಗೋಡೆಗೆ ಹೋದಳು. ಅಲ್ಲಿ ಬಿಸಿ ಗಾಳಿಯ ದಪ್ಪ ಕೊಳವೆ ಹೊರಗೆ ಬಂದಿತ್ತು. ಮೈ ಕಾಯಿಸಿಕೊಳ್ಳಲು ಬೆಕ್ಕುಗಳು ಅಲ್ಲಿಗೆ ಬರುತ್ತಿದ್ದವು, ಆದರೆ ಅವೂ ಕೊಳವೆಯನ್ನು ಮುಟ್ಟುತ್ತಿರಲಿಲ್ಲ. ಕೆಟ್ಟು ಕುಳಿತ ಬೆರಳಿಗೆ ಒಂದಿಷ್ಟು ಶಾಖ ಕೊಟ್ಟರೆ ಬುದ್ಧಿ ಬಂದೀತೆಂದು ಅವಳು ಪಾದವನ್ನು ಅದಕ್ಕೆ ಆನಿಸಿ ಕೂತಳು. ಹಿತವಾಗಿಯೂ ಇರಲಿಲ್ಲ, ಬಿಸಿಯಾಗಿಯೂ ಇರಲಿಲ್ಲ. ಕಣ್ಣಿಗೆ ಜೊಂಪು ಹತ್ತಿತು. ಎಚ್ಚರವಾದದ್ದು ವಾಸನೆಗೆ. ಯಾರೋ ಕೂದಲು ಸುಡುತ್ತಿದ್ದಾರೆ ಎಂದುಕೊಂಡಳು. ಅಷ್ಟರಲ್ಲಿ ಕುಳ್ಳಿ ಓಡಿಬಂದು ಅವಳನ್ನು ಹಿಂದಕ್ಕೆ ಎಳೆದಳು. ಎಳೆದಾಗ ಕೊಳವೆಯ ಮೇಲೆ ಪಾದದ ಅಂಚಿನಷ್ಟು ಗುರುತು ಉಳಿಯಿತು.

ಕುಳ್ಳಿ ಆ ಗುರುತನ್ನು ನೋಡಿದಳು, ಹೂವಕ್ಕನ ಮುಖ ನೋಡಿದಳು. “ಸುಳ್ಳು ಬೈದ್ಯಲ್ಲೇ ನನ್ನ,” ಎಂದಳು. ಅಷ್ಟು ಮೆತ್ತಗೆ ಅವಳು ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ.

*

ಆಸ್ಪತ್ರೆಗೆ ಮೇಸ್ತ್ರಿಯೇ ಕರೆದುಕೊಂಡು ಹೋದ. ಡಾಕ್ಟರು ಧಣಿಗೆ ಬೇಕಾದವರು. ಸುತ್ತ ಓದುವ ಹುಡುಗ ಹುಡುಗಿಯರು ಬಿಳಿ ಕೋಟು ಹಾಕಿಕೊಂಡು ನಿಂತಿದ್ದರು. ಹೂವಕ್ಕನನ್ನು ಮೇಜಿನ ಮೇಲೆ ಮಲಗಿಸಿ, ಪಾದ ಮಾತ್ರ ಎಲ್ಲರಿಗೂ ಕಾಣುವಂತೆ ದೀಪ ತಿರುಗಿಸಿದರು. ಮುಖ ಕತ್ತಲಲ್ಲಿ ಉಳಿಯಿತು.

ಎರಡು ಬೆರಳು ಕಪ್ಪಾಗಿದ್ದವು, ಕಿರುಬೆರಳು ಮತ್ತು ಅದರ ಪಕ್ಕದ್ದು. ಮಿಕ್ಕ ಪಾದ ಊದಿ ನೀಲಿ ತಿರುಗಿತ್ತು. ಮುಟ್ಟಿದ್ದು ಗೊತ್ತಾಗುತ್ತಾ ಎಂದು ಡಾಕ್ಟರು ಕೇಳಿದರು. ಯಾವಾಗ ಮುಟ್ಟುತ್ತೀರಿ ಸ್ವಾಮಿ ಎಂದು ಅವಳು ಕೇಳಿದಳು. ವಿದ್ಯಾರ್ಥಿಗಳು ಮುಸಿಮುಸಿ ನಕ್ಕರು. ಅವಳು ತಲೆಯೆತ್ತಿ ನೋಡಿದರೆ ಕಿರುಬೆರಳಿನಲ್ಲಿ ಸೂಜಿ ನೆಟ್ಟಗೆ ನಿಂತಿತ್ತು.

“ನೆಕ್ರೋಸಿಸ್,” ಎಂದರು ಡಾಕ್ಟರು, ಮೇಜಿನಿಂದಾಚೆಗೆ. “ಅಂದರೆ ಆಳು ಬದುಕಿರುತ್ತೆ, ಆಳಿನೊಳಗೆ ಒಂದು ತುಂಡು ಮಾತ್ರ ಸಾಯುತ್ತೆ. ರಕ್ತ ಹೋಗದಿದ್ದರೆ ಸಾಯುತ್ತೆ, ಸುಟ್ಟರೆ ಸಾಯುತ್ತೆ, ಹೆಪ್ಪುಗಟ್ಟಿದರೂ ಸಾಯುತ್ತೆ, ವಿಷಕ್ಕೂ ಸಾಯುತ್ತೆ. ಒಂದು ಸಲ ಸತ್ತರೆ ಅದನ್ನು ಯಾವ ಔಷಧಿಯೂ ಎಬ್ಬಿಸಲ್ಲ. ಇದು ಒಣಗ್ತಾ ಇದೆ, ಅದು ಒಳ್ಳೇದು. ಒಣಗಿದ ಸಾವು ಸಭ್ಯಸ್ಥ. ಒದ್ದೆಯಾಗಿ ಕೊಳೆತರೆ ಮೇಲಕ್ಕೆ ಹಬ್ಬಿ ಆಳನ್ನೇ ತಗೊಂಡು ಹೋಗುತ್ತೆ.”

ಹಾಗಾದರೆ ಈಗಲೇ ಕತ್ತರಿಸುವುದಿಲ್ಲವೇ ಎಂದು ಒಬ್ಬ ಹುಡುಗಿ ಕೇಳಿದಳು. ಅವಸರ ಮಾಡಬಾರದು ಎಂದರು ಡಾಕ್ಟರು. ಎಲ್ಲಿಯವರೆಗೆ ಸತ್ತಿದೆ, ಎಲ್ಲಿಂದ ಬದುಕಿದೆ ಎಂಬುದನ್ನು ಮೈಯೇ ಒಂದು ಗೆರೆ ಎಳೆದು ತೋರಿಸುತ್ತದೆ. ಅದಕ್ಕೆ ವಾರಗಟ್ಟಲೆ ಹಿಡಿಯಬಹುದು, ತಿಂಗಳುಗಟ್ಟಲೆಯೂ ಹಿಡಿಯಬಹುದು. ಗೆರೆಯಾಚೆಯದನ್ನು ಬಿಟ್ಟುಬಿಡಬೇಕು. ಗೆರೆಯೀಚೆಯ ಬದುಕನ್ನು ಉಳಿಸಿಕೊಳ್ಳಬೇಕು. ವೈದ್ಯನ ಕೆಲಸ ಅಷ್ಟೆ. ಮಾತು ಸರಾಗವಾಗಿತ್ತು. ಹೂವಕ್ಕನಿಗೆ ಎಲ್ಲವೂ ಅರ್ಥವಾಯಿತು. ಚೆನ್ನಾಗಿ ಹೇಳುತ್ತಾನೆ ಈ ಮನುಷ್ಯ ಎಂದುಕೊಂಡಳು.

“ಕಾರಣ?” ಎಂದರು ಡಾಕ್ಟರು, ಮೇಸ್ತ್ರಿಯ ಕಡೆ ತಿರುಗಿ.

“ಬಿಸಿ ಕೊಳವೆಗೆ ತಾನೇ ಕಾಲು ಕೊಟ್ಕೊಂಡು ನಿದ್ದೆ ಹೊಡೆದಳು ಸರ್.”

“ಅದಕ್ಕೂ ಮೊದಲೇ ಚಳಿಗೆ ಸತ್ತಿತ್ತು ಸ್ವಾಮಿ,” ಎಂದಳು ಹೂವಕ್ಕ ಕತ್ತಲಿಂದ. “ಅದಕ್ಕೇ ಬಿಸಿ ಗೊತ್ತಾಗ್ಲಿಲ್ಲ. ನಮಗೆ ಬೂಟು ಕೊಡಲ್ಲ.”

“ನಿನ್ನನ್ನು ಕೇಳಲಿಲ್ಲ.”

ಚಳಿಗೂ ಹೀಗೆ ಆಗುತ್ತದಲ್ಲವೇ ಸರ್ ಎಂದು ಅದೇ ಹುಡುಗಿ ಬಾಯಿ ತೆರೆದಳು. ಪುಸ್ತಕದಲ್ಲಿ ಆಗುತ್ತದೆ ಎಂದರು ಡಾಕ್ಟರು. ಕಿಟಕಿಯಾಚೆ ಬಿಸಿಲು ನೋಡು, ಈ ಊರಲ್ಲಿ ಯಾರಾದರೂ ಚಳಿಗೆ ಬೆರಳು ಕಳೆದುಕೊಂಡಾರೇ? ಎಲ್ಲರೂ ಕಿಟಕಿಯ ಕಡೆ ನೋಡಿದರು. ಬಿಸಿಲು ಇತ್ತು. ಹುಡುಗಿ ತಲೆ ತಗ್ಗಿಸಿದಳು. ಡಾಕ್ಟರು ಸೂಜಿ ಕಿತ್ತು ಬೋಗುಣಿಗೆ ಹಾಕಿ ಮುಂದಿನ ಮೇಜಿಗೆ ಹೋದರು.

*

ಹೂವಕ್ಕನ ಜಾಗಕ್ಕೆ ಅವಳ ಮಗಳು ಹೋದಳು. ಬೇರೆ ದಾರಿಯಿರಲಿಲ್ಲ. ಇಬ್ಬರ ಹೊಟ್ಟೆಗೆ ಒಂದೇ ಕೊಕ್ಕೆ.

ಹೂವಕ್ಕ ಬಾಡಿಗೆ ಕೋಣೆಯ ಹೊಸ್ತಿಲಲ್ಲಿ ಕೂತು ಕಾಲು ಒಣಗಿಸುತ್ತಿದ್ದಳು. ಡಾಕ್ಟರು ಹೇಳಿದ್ದು ಸುಳ್ಳಾಗಲಿಲ್ಲ. ನೀಲಿ ಇಳಿಯಿತು, ಊತ ಇಳಿಯಿತು, ಎರಡು ಬೆರಳುಗಳ ಬುಡದಲ್ಲಿ ಕೆಂಪು ದಾರ ಕಟ್ಟಿದಂತೆ ಗೆರೆಯೊಂದು ಮೂಡಿತು. ಗೆರೆಯಾಚೆ ಇದ್ದಿಲು, ಗೆರೆಯೀಚೆ ಮಾಂಸ. ಸಂಜೆ ಮಗಳು ಬಂದ ಕೂಡಲೇ ಹೂವಕ್ಕ ತನ್ನ ಕಾಲು ಬಿಟ್ಟು ಅವಳ ಕಾಲು ಹಿಡಿಯುವಳು. “ಮನೇಲಿ ಯಾರಾದ್ರೂ ಇದೀರಾ?” ಮಗಳು ಕುಳ್ಳಿಯ ಹತ್ತಿರ ಕಲಿತ ಹೊಸ ಹೊಸ ಬೈಗುಳ ಒಪ್ಪಿಸುವಳು. ಕೆಲವು ಎಷ್ಟು ಕೆಟ್ಟದಾಗಿದ್ದವೆಂದರೆ ತಾಯಿಯೇ ಸೆರಗು ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದಳು.

ಒಂದು ಮಧ್ಯಾಹ್ನ ಮೇಸ್ತ್ರಿ ಹೊಸ್ತಿಲಿಗೇ ಬಂದ. ಧಣಿ ಹೊಸ ಐಸುಮನೆ ಕಟ್ಟಿಸಿದ್ದ. ಅದರ ಆರಂಭಕ್ಕೆ ಊರ ದೊಡ್ಡವರಿಗೆಲ್ಲ ಔತಣ. ಔತಣದ ಮೇಜಿನ ನಡುವೆ ಹೂವಿನ ದಿಮ್ಮಿ ನಿಲ್ಲಬೇಕು.

ಅವಳಿಗೆ ಹೂವಕ್ಕ ಎಂಬ ಹೆಸರು ಬಂದದ್ದೇ ಆ ದಿಮ್ಮಿಯಿಂದ. ಗಾಜಿನಂತೆ ತಿಳಿಯಾದ ಐಸಿನ ನಟ್ಟನಡುವೆ ಬಿರಿದ ಹೂಗಳು, ಈಗಷ್ಟೇ ಕಿತ್ತಂತೆ. ಐಸು ಕಟ್ಟುವ ಡಬ್ಬಕ್ಕೆ ನೀರು ಸ್ವಲ್ಪ ಸ್ವಲ್ಪವೇ ಹೊಯ್ದು, ಒಂದು ಪದರ ಗಟ್ಟಿಯಾಗುವ ಹೊತ್ತಿಗೆ ಹೂ ಇಟ್ಟು, ಮತ್ತೆ ನೀರು ಹೊಯ್ದು, ಐಸು ತೊಟ್ಟನ್ನು ಕಚ್ಚಿಕೊಳ್ಳುವವರೆಗೆ ಬೆರಳಲ್ಲೇ ಅದನ್ನು ಅದುಮಿ ಹಿಡಿದಿರಬೇಕು. ಅವಸರದವರ ಹೂವು ತೇಲಿ ಮೇಲೆ ಬಂದು ಬಾಡುತ್ತದೆ. ತಾಳಿಕೊಂಡವರ ಹೂವು ನಿಲ್ಲುತ್ತದೆ. ಇವಳಿಲ್ಲದೆ ಮಾಡಿಸಿದ ದಿಮ್ಮಿಗಳಲ್ಲಿ ಹೂಗಳು ಸತ್ತ ಮೀನಿನಂತೆ ಮೇಲಕ್ಕೆ ತೇಲಿದ್ದವಂತೆ.

ನನಗೆ ಕಾಲಿಲ್ಲ ಎಂದಳು ಹೂವಕ್ಕ.

“ಬೆರಳು ತಾನೆ ಹೋಗಿರೋದು. ಡಾಕ್ಟ್ರೇ ಹೇಳಿದಾರಲ್ಲ, ಸತ್ತಿದೆ ಅಂತ. ಸತ್ತಿದ್ದಕ್ಕೆ ಚಳಿ ಎಲ್ಲಿಯದು? ನಿಂಗೆ ಈಗ್ಲೇ ಆ ಕೆಲಸ ಸಲೀಸು.” ಅವನು ತಮಾಷೆ ಮಾಡುತ್ತಿರಲಿಲ್ಲ. ಹಾಗೆಂದು ನಿಜವಾಗಿಯೇ ನಂಬಿದ್ದ.

ಮಗಳಿಗೆ ಬೂಟು ಕೊಟ್ಟರೆ ಬರುತ್ತೇನೆ ಎಂದಳು. ಅದನ್ನು ಧಣಿಯ ಹತ್ತಿರವೇ ಕೇಳಿಕೋ ಎಂದ.

ಮಾರನೆಯ ದಿನ ಅವಳು ಕುಂಟುತ್ತ ಹೋದಾಗ ಧಣಿ ಕಪಾಟಿನ ಮುಂದೆಯೇ ನಿಂತಿದ್ದ. ಪಕ್ಕದಲ್ಲಿ ಐಸು ಕೊಳ್ಳಲು ಬಂದವರು ಬೆಂಚಿನ ಮೇಲೆ ಕೂತು ಕಾಲು ಚಾಚಿದ್ದರು. ಹೂವಕ್ಕನ ಮಗಳು ನೆಲದಲ್ಲಿ ಮೊಣಕಾಲೂರಿ ಅವರಿಗೆ ಬೂಟು ತೊಡಿಸುತ್ತಿದ್ದಳು. ಹೂವಕ್ಕ ಬಾಗಿಲಲ್ಲೇ ನಿಂತು ತನ್ನ ಮಾತು ಹೇಳಿದಳು: ಇಷ್ಟು ಬೂಟುಗಳಿವೆ, ವರ್ಷದಲ್ಲಿ ನಾಲ್ಕು ದಿನ ಹೊರಗೆ ಬರುತ್ತವೆ. ಮಿಕ್ಕ ದಿನ ಹುಡುಗಿಯರು ಹಾಕಿಕೊಂಡರೆ ತೊಳೆದಿಡುವ ಭಾರ ನಮ್ಮದು.

ಧಣಿ ಎಂದೂ ಗದರುವವನಲ್ಲ. ದನಿ ಬೆಣ್ಣೆ. ಏನಮ್ಮ ಕಾಲು ಹೇಗಿದೆ ಎಂದು ವಿಚಾರಿಸಿದ. ಬಟ್ಟೆ ಬಿಚ್ಚಿ ತೋರಿಸಮ್ಮ, ಇವರೂ ನೋಡಲಿ ಎಂದ. ಅವಳು ಬಿಚ್ಚಿದಳು. ಬಂದವರಲ್ಲೊಬ್ಬ ಕರವಸ್ತ್ರವನ್ನು ಮೂಗಿಗೆ ಒತ್ತಿಕೊಂಡ. ವಾಸನೆಯೇನೂ ಇರಲಿಲ್ಲ.

“ನೋಡಿ, ಇದಕ್ಕೆ ನೆಕ್ರೋಸಿಸ್ ಅಂತಾರೆ,” ಎಂದ ಧಣಿ. “ಡಾಕ್ಟರು ನನಗೆ ಹೇಳಿದ್ರು. ಒಳಗಿಂದ ಬರೋ ಕಾಯಿಲೆ. ಕೆಲಸಕ್ಕೂ ಅದಕ್ಕೂ ಸಂಬಂಧ ಇಲ್ಲ. ಇವರದು ಹುಟ್ಟಿನಿಂದ ಬರಿಗಾಲು, ಅಂಗಾಲು ಅನ್ನೋದು ಹಲಗೆ ಇದ್ದ ಹಾಗೆ. ಬೂಟು ಹಾಕಿದ್ರೆ ನಡೆಯೋಕೇ ಬರಲ್ಲ ಇವರಿಗೆ. ಅಲ್ವೇನಮ್ಮ?”

ಮಗಳು ತಲೆಯೆತ್ತಲಿಲ್ಲ. ಬಂದವನ ಪ್ಯಾಂಟಿನ ಅಂಚನ್ನು ಬೂಟಿನೊಳಗೆ ಮಡಚಿ ಸೇರಿಸುತ್ತಿದ್ದಳು.

“ಹಾಕಿ ನೋಡಿದ್ರೆ ಗೊತ್ತಾಗುತ್ತೆ ಧಣಿ,” ಎಂದಳು ಹೂವಕ್ಕ.

ಧಣಿ ನಕ್ಕ. ಕಪಾಟಿಗೆ ಕೈ ಹಾಕಿ ಒಂದು ಬೂಟು ತೆಗೆದ. ಒಂದೇ ಒಂದು. ಅವಳ ಮುಂದೆ ನೆಲದ ಮೇಲಿಟ್ಟು, “ತಗೋ. ನಿಂಗೆ ಒಂದು ಕಾಲು ತಾನೆ ಉಳಿದಿರೋದು,” ಎಂದ. ಬೆಂಚಿನ ಮೇಲಿದ್ದವರು ಹೊಟ್ಟೆ ಹಿಡಿದು ನಕ್ಕರು. ಅವರು ನಕ್ಕು ಮುಗಿಸುವವರೆಗೆ ಕಾದು, ಬೂಟನ್ನು ಎತ್ತಿ ಮತ್ತೆ ಅದರ ಜೋಡಿಯ ಪಕ್ಕ ಇಟ್ಟು, ಗಾಜಿನ ಬಾಗಿಲು ಮುಚ್ಚಿದ. ಹೂ ಕೆಂಪಗಿರಲಿ, ಮೊನ್ನೆ ಮಾಡಿದವರಂತೆ ತೇಲಿಸಬೇಡ ಎಂದು ಹೇಳಿ, ಬಂದವರನ್ನು ಒಳಗೆ ಕರೆದುಕೊಂಡು ಹೋದ.

*

ಅಂದು ಸಂಜೆ ಮಗಳು ಬಿಸಿನೀರು ಕಾಯಿಸಿ ತಾಯಿಯ ಕಾಲಿನ ಬಟ್ಟೆ ಬಿಚ್ಚಿದಳು. ಇಷ್ಟು ದೂರ ನಡೆದದ್ದಕ್ಕೋ ಏನೋ, ಬಟ್ಟೆಯ ಜೊತೆಗೇ ಎರಡು ಬೆರಳೂ ಬಂದವು. ರಕ್ತವಿಲ್ಲ, ನೋವಿಲ್ಲ. ಒಣಗಿದ ಕಾಯಿ ತೊಟ್ಟು ಕಳಚಿದ ಹಾಗೆ. ಮಗಳ ಅಂಗೈಯಲ್ಲಿ ಅವು ಕಪ್ಪಗೆ, ಹಗುರವಾಗಿ, ಉಗುರುಸಮೇತ ಕೂತಿದ್ದವು. ಅವಳು ಬಿಕ್ಕಿ ಬಿಕ್ಕಿ ಅತ್ತಳು.

“ಅಳೋದಾದ್ರೆ ಸತ್ತ ದಿನ ಅಳ್ಬೇಕಿತ್ತು,” ಎಂದಳು ಹೂವಕ್ಕ. “ಇವು ಸತ್ತು ಎಷ್ಟು ಕಾಲ ಆಯ್ತು. ಈಗ ಬಿಡಾರ ಖಾಲಿ ಮಾಡಿದಾವೆ ಅಷ್ಟೆ. ತಾ ಇಲ್ಲಿ ನಿನ್ನ ಕಾಲು.”

ಮಗಳು ಗೋಡೆಯ ಕಡೆ ಮುಖ ತಿರುಗಿಸಿ ಕಾಲು ಕೊಟ್ಟಳು. ಹೂವಕ್ಕ ಒಂದು ಕೈಯಲ್ಲಿ ಹಿಮ್ಮಡಿ ಹಿಡಿದು, ಇನ್ನೊಂದು ಕೈ ಎತ್ತಿದಳು. ದಿನದ ಅಭ್ಯಾಸದಂತೆ ಬಾಯಿ ಮೊದಲು ಕೇಳಿತು.

“ಮನೇಲಿ ಯಾರಾದ್ರೂ ಇದೀರಾ?”

“ಥೂ ನಿನ್ನ ಕೈಗೆ ಹುಳ ಬೀಳ. ಮೆಲ್ಲಗೆ ಚಿವುಟಮ್ಮ,” ಎಂದಳು ಮಗಳು.

ಹೂವಕ್ಕನ ಬೆರಳು ಇನ್ನೂ ಗಾಳಿಯಲ್ಲೇ ಇತ್ತು.

ಹೂವಕ್ಕ ಕೈ ಇಳಿಸಿದಳು. ದೀಪ ಹತ್ತಿರ ಸರಿಸಿ ನೋಡಿದಳು. ಮಗಳ ಕಿರುಬೆರಳು ಮೇಣದ ಹಾಗೆ ಬೆಳ್ಳಗಿತ್ತು.

“ಇನ್ನೂ ಮುಟ್ಟೇ ಇಲ್ಲ ಕಣೇ,” ಎಂದಳು.

ಮಗಳು ತಿರುಗಲಿಲ್ಲ. ಗೋಡೆಗೇ ಹೇಳಿದಳು: “ನೀನೂ ಹಂಗೇ ಬೈದಿದ್ಯಂತಲ್ಲ. ಕುಳ್ಳಕ್ಕ ಹೇಳಿದ್ಳು. ಬೈಯದಿದ್ರೆ ಹೊಟ್ಟೆಗೇನು?”

ಹೂವಕ್ಕ ಅವಳಿಗೆ ಹೊಡೆಯಲಿಲ್ಲ, ಬೈಯಲಿಲ್ಲ. ಮಗಳ ಪಾದವನ್ನು ಎದೆಗೆ ಒತ್ತಿ, ರವಿಕೆಯೊಳಗೆ ಸೇರಿಸಿ, ಮೇಲೆ ಸೆರಗು ಹೊದಿಸಿ ಕೂತಳು. ಬೆಳ್ಳಗಾದ ಬೆರಳು ಇನ್ನೂ ತಿರುಗಿ ಬರುತ್ತದೆ. ಕಪ್ಪಾದದ್ದು ಬರುವುದಿಲ್ಲ. ಅಷ್ಟು ಅವಳಿಗೆ ತಿಳಿದಿತ್ತು. ಊಟದ ಹೊತ್ತು ಮೀರಿತು. ಕೊನೆಗೆ ಮಗಳು ಹಲ್ಲು ಕಚ್ಚಿ, ಉರಿ ಉರಿ ಎಂದು ಕಾಲು ಕಿತ್ತುಕೊಳ್ಳಲು ನೋಡಿದಳು. ಈ ಸಲದ ಬೈಗುಳ ನಿಜವಾಗಿತ್ತು. ಹೂವಕ್ಕ ಬಿಡಲಿಲ್ಲ. ಬೈಯಿ, ಇನ್ನೂ ಬೈಯಿ ಎಂದಳು.

ನಾಳೆ ಮತ್ತೆ ಒಳಗೆ ಹೋದರೆ ಮತ್ತೆ ಬಿಳಿ. ನಾಡಿದ್ದು ತಿರುಗಿ ಬಾರದ ಬಿಳಿ. ಬಟ್ಟೆಯ ಮೇಲಿದ್ದ ಎರಡು ಕಪ್ಪು ತುಂಡುಗಳನ್ನು ಹೂವಕ್ಕ ನೋಡುತ್ತಿದ್ದಳು. ಆಮೇಲೆ ಅವನ್ನು ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡಳು.

*

ಹೂಗಳು ಕೆಂಪಗೇ ಇದ್ದವು. ಬುಟ್ಟಿ ತುಂಬ ಬಂದಿದ್ದವು, ಎಸಳುಗಳ ಮೇಲೆ ನೀರು ಇನ್ನೂ ಆರಿರಲಿಲ್ಲ. ಹೂವಕ್ಕ ಡಬ್ಬದ ಪಕ್ಕ, ಒದ್ದೆ ಕಲ್ಲಿನ ಮೇಲೆ ಕೂತಳು. ಮಗಳು ನೀರು ಹೊಯ್ಯಲು ನಿಂತಳು, ಕುಳ್ಳಿ ಬಾಗಿಲ ಬಳಿ. ಮೇಸ್ತ್ರಿ ಪಟ್ಟಿಗಳ ಸಂದಿನಲ್ಲಿ ತಲೆ ತೂರಿಸಿ, ನಿಧಾನ ಮಾಡಿದರೆ ಚರ್ಮ ಸುಲಿಯುತ್ತೇನೆ ಎಂದ.

“ಚರ್ಮ ಈಗಾಗ್ಲೇ ಅರ್ಧ ನಿಮ್ಮ ನೆಲದ ಮೇಲಿದೆ. ಮಿಕ್ಕಿದ್ದು ನಿನ್ನ ಹೆಂಡ್ತಿಗೆ ಚೀಲ ಹೊಲಿಸ್ಕೊಡು ಹೋಗು,” ಎಂದಳು ಕುಳ್ಳಿ. ತಲೆ ಹಿಂದಕ್ಕೆ ಹೋಯಿತು.

ಮೊದಲ ಪದರ ಗಾಜಾಯಿತು. ಹೂವಕ್ಕ ಸೆರಗಿನ ಗಂಟು ಬಿಚ್ಚಿದಳು. ಮಗಳು ನೋಡಿದಳು, ತಾಯಿ ಏನು ಮಾಡಲಿದ್ದಾಳೆಂದು ತಿಳಿದು ಬಿಂದಿಗೆಯನ್ನು ಕೆಳಗಿಟ್ಟಳು. ಕೆಲಸ ಹೋಗುತ್ತೆ ಅಮ್ಮ ಎಂದಳು.

“ಕೆಲಸ ಹೋಗ್ಲಿ. ಕಾಲು ಇರ್ಲಿ. ಹೊಯ್ಯಿ ನೀರು.”

ಮಗಳು ಕುಳ್ಳಿಯ ಮುಖ ನೋಡಿದಳು. ಕುಳ್ಳಿ ಬಾಗಿಲಿಗೆ ಬೆನ್ನು ಕೊಟ್ಟು ಅಗಲವಾಗಿ ನಿಂತಳು, ಗೇಣುದ್ದದ ಹೆಂಗಸು ಬಾಗಿಲೆಲ್ಲ ತುಂಬಿದಳು. ಮಗಳು ಹೊಯ್ದಳು.

ಕೆಂಪು ಎಸಳುಗಳ ಹಿಂದೆ, ಮುಂದಿನಿಂದ ನೋಡಿದರೆ ಕಾಣದಂತೆ, ದಿಮ್ಮಿಯ ನಟ್ಟನಡುವೆ, ಹೂವಕ್ಕ ಎರಡು ಬೆರಳನ್ನೂ ನೆಟ್ಟಗೆ ನಿಲ್ಲಿಸಿದಳು. ಅವು ಹೂವಿಗಿಂತ ಹಗುರ, ತೇಲಲು ನೋಡಿದವು. ಅವಳು ಅದುಮಿ ಹಿಡಿದಳು. ನೀರು ಕೈಯನ್ನು ಕಚ್ಚಿತು, ಮಣಿಕಟ್ಟಿನವರೆಗೆ ಏರಿತು, ಮೂಳೆಯೊಳಗೆ ಇಳಿಯಿತು. ಬಿಡಲಿಲ್ಲ. ಇಷ್ಟು ವರ್ಷ ಯಾರ ಯಾರದೋ ಹೂವಿಗೆ ತಾಳಿದವಳು ಇದಕ್ಕೆ ತಾಳದೆ ಇರುತ್ತಾಳೆಯೇ. ಐಸು ಮೆಲ್ಲಗೆ ಬಂದು, ಬುಡ ಹಿಡಿದು, ಉಗುರಿನವರೆಗೆ ಏರಿತು.

ದಿಮ್ಮಿ ಹೊರಗೆ ಬಂದಾಗ ಮೇಸ್ತ್ರಿ ಮುಂದಿನಿಂದ ನೋಡಿದ. ಹೂವು ತೇಲಿರಲಿಲ್ಲ. ಈ ಮುದುಕಿಯ ಕೈ ಕತ್ತರಿಸಿ ಇಟ್ಟುಕೊಳ್ಳಬೇಕು ಎಂದು ಮೆಚ್ಚಿಕೊಂಡ. ಒದ್ದೆ ಬಟ್ಟೆ ಸುತ್ತಿಸಿ ಗಾಡಿಗೆ ಹೇರಿಸಿದ.

*

ಹೊಸ ಐಸುಮನೆಯ ಮೇಲಂತಸ್ತಿನಲ್ಲಿ ಉದ್ದದ ಹಜಾರ. ಹೆಂಗಸರು ದಿಮ್ಮಿಯನ್ನು ಮೇಜಿನ ನಡುವೆ ನಿಲ್ಲಿಸಿ, ಬಟ್ಟೆ ಬಿಚ್ಚಿ, ಹಿಂಬಾಗಿಲಿಂದ ಹೊರಗೆ ಬಂದರು. ಕರಗಿದ ನೀರು ಒರೆಸಲು ಕರೆಯುವವರೆಗೆ ಅಲ್ಲೇ ನಿಂತಿರಿ ಎಂದು ಮೇಸ್ತ್ರಿ ಹೇಳಿದ್ದ. ಬಾಗಿಲು ಗಾಜಿನದು. ಒಳಗಿನದೆಲ್ಲ ಕಾಣುತ್ತಿತ್ತು.

ಊರ ದೊಡ್ಡವರೆಲ್ಲ ಬಂದಿದ್ದರು. ಮೊನ್ನೆ ಬೂಟು ತೊಟ್ಟವರು, ಅವರ ಹೆಂಡಿರು. ಡಾಕ್ಟರೂ ಇದ್ದರು, ಧಣಿಯ ಪಕ್ಕದಲ್ಲೇ. ಧಣಿ ಮಾತಾಡಿದ. ಮಾತು ಗಾಜಿನಾಚೆಗೂ ಸಣ್ಣಗೆ ಕೇಳಿಸಿತು. ಸ್ವಚ್ಛತೆಯೇ ತನ್ನ ದೇವರು ಎಂದ. ಈ ಐಸನ್ನು ಮಗುವಿನ ಬಾಯಿಗೂ ಹೆದರದೆ ಇಡಬಹುದು ಎಂದ. ಚಪ್ಪಾಳೆ ಬಿತ್ತು. ಬೆಳ್ಳಿಯ ಪುಟ್ಟ ಸುತ್ತಿಗೆಯಿಂದ ದಿಮ್ಮಿಯ ಮೂಲೆಗೆ ಹೊಡೆದು ಚೂರು ಮಾಡಿದ, ಆ ಚೂರುಗಳನ್ನೇ ಎಲ್ಲರ ಲೋಟಗಳಿಗೂ ಹಾಕಿಸಿದ. ಎಲ್ಲರೂ ಕುಡಿದರು. ಡಾಕ್ಟರು ಎರಡು ಗುಟುಕು ಕುಡಿದು ತಲೆದೂಗಿದರು.

ಆಮೇಲೆ ಹಜಾರದ ದೀಪಗಳನ್ನು ಆರಿಸಿ, ದಿಮ್ಮಿಯ ಅಡಿಗೆ ಇಟ್ಟಿದ್ದ ದೀಪವನ್ನು ಹಚ್ಚಿದರು.

ಐಸೆಲ್ಲ ಒಳಗಿಂದ ಬೆಳಗಿತು. ಎಸಳುಗಳು ಕೆಂಪು ಗಾಜಾದವು. ದೊಡ್ಡವರ ಹೆಂಡಿರು ಆಹಾ ಎಂದರು. ಒಬ್ಬಾಕೆ ಹತ್ತಿರ ಬಂದು, ಎಸಳುಗಳ ಹಿಂದೆ ಕಪ್ಪಗೆ ಕಾಣುವುದೇನು ಎಂದು ಪಕ್ಕದವಳಿಗೆ ತೋರಿಸಿದಳು. ಮೊಗ್ಗು ಇರಬೇಕು ಎಂದಳು ಅವಳು. ಮೊಗ್ಗಿಗೆ ಉಗುರಿರುತ್ತದೆಯೇ ಎಂದಳು ಮೊದಲನೆಯವಳು. ಡಾಕ್ಟರು ಕನ್ನಡಕ ಸರಿಮಾಡಿಕೊಂಡು ಬಾಗಿದರು.

ಬಾಗಿದವರು ಬಾಗಿಯೇ ಇದ್ದರು. ಲೋಟ ಅವರ ಬಾಯಿಂದ ಒಂದು ಬೆರಳಿನಷ್ಟು ದೂರದಲ್ಲಿ ನಿಂತಿತ್ತು. ಆಮೇಲೆ ಅವರು ಲೋಟದೊಳಗೆ ನೋಡಿದರು. ಏನು ಡಾಕ್ಟರೇ, ಯಾವ ಹೂವು ಎಂದು ಧಣಿ ನಗುತ್ತ ಕೇಳಿದ. ಡಾಕ್ಟರು ಗಾಜಿನ ಬಾಗಿಲ ಕಡೆ ಕತ್ತೆತ್ತಿದರು.

ಗಾಜಿನಾಚೆ ಮೂವರು ಹೆಂಗಸರು ಸಾಲಾಗಿ ನಿಂತಿದ್ದರು. ನಡುವೆ ಹೂವಕ್ಕ. ಮಗಳು ಅವಳ ತೋಳು ಹಿಡಿದಿದ್ದಳು. ಮಗಳ ಎರಡೂ ಕಾಲಿಗೆ, ಮೊಣಕಾಲಿನವರೆಗೆ ಬರುವ ರಬ್ಬರ್ ಬೂಟುಗಳಿದ್ದವು. ಗಾಡಿ ಹೊರಟ ಮೇಲೆ ಕುಳ್ಳಿ ಹಿಂದುಳಿದು, ಕಪಾಟಿನ ಗಾಜನ್ನು ಐಸಿನ ಕೊಕ್ಕೆಯಿಂದ ಒಡೆದು, ಅವನ್ನು ಗೋಣಿಯಲ್ಲಿ ಸುತ್ತಿ ತಂದಿದ್ದಳು.

ಹೂವಕ್ಕ ಬೆರಳಿನ ಗಿಣ್ಣಿನಿಂದ ಬಾಗಿಲ ಗಾಜನ್ನು ತಟ್ಟಿದಳು.

“ಮನೇಲಿ ಯಾರಾದ್ರೂ ಇದೀರಾ?”

ಒಳಗೆ ಒಂದೊಂದಾಗಿ ಮುಖಗಳು ತಿರುಗಿದವು. ಯಾರ ಬಾಯಿಂದಲೂ ಬೈಗುಳ ಬರಲಿಲ್ಲ. ದಿಮ್ಮಿಯಿಂದ ನೀರು ತೊಟ್ಟಿಕ್ಕಿ ಬಿಳಿ ಹಾಸಿನ ಮೇಲೆ ಹರಡುತ್ತಿತ್ತು.

ಅವಳು ಇನ್ನೊಮ್ಮೆ, ಸ್ವಲ್ಪ ಜೋರಾಗಿ, ತಟ್ಟಿ ಕಾದಳು.